ಕ್ರೇನಿನಿಂದ ಇಳಿದ ಮಳೆಗಾಲ

ಮೊನ್ನೆ ತಂಗಿಯ ಮನೆಗೆ ಹೋಗಿ ಬರುವಾಗ ಮರಿಯಮ್ಮನಹಳ್ಳಿಯ ಹೆದ್ದಾರಿ ಪಕ್ಕ ಚಹಾ ಕುಡಿಯಲು ನಿಂತಿದ್ದೆ. ಮಳೆ ಹೇಳದೆ ಕೇಳದೆ ಬಂತು. ಎದುರಿಗೆ ಉಕ್ಕಿನ ತಗಡಿನ ಸುರುಳಿಗಳನ್ನು ಹೊತ್ತ ಲಾರಿಯೊಂದು ನಿಂತಿತ್ತು. ಬೆಳಗಿನಿಂದ ಬಿಸಿಲಿಗೆ ಕಾದಿದ್ದ ಆ ಸುರುಳಿಗಳ ಮೇಲೆ ಮೊದಲ ಹನಿಗಳು ಬಿದ್ದು ಸಣ್ಣಗೆ ಹಬೆ ಎದ್ದಿತು. ತೊಯ್ದ ಕಬ್ಬಿಣ, ಗ್ರೀಸು, ಅದರ ಜೊತೆಗೆ ನಮ್ಮ ಕಡೆಯ ಕೆಂಪು ಧೂಳು. ಆ ವಾಸನೆ ಮೂಗಿಗೆ ಬಡಿದದ್ದೇ ಕೈಯಲ್ಲಿದ್ದ ಗ್ಲಾಸನ್ನು ಕಟ್ಟೆಯ ಮೇಲಿಟ್ಟು, ಅಂಗಡಿಯ ತಗಡಿನ ನೆರಳಿನಿಂದ ಹೊರಗೆ ಬಂದು ಮಳೆಯಲ್ಲಿ ನಿಂತುಬಿಟ್ಟೆ. ಚಹಾದ ಅಂಗಡಿಯವನು, "ಒಳಗ ಬರ್ರಿ, ತೊಯ್ಸಿಕೊಳ್ತೀರಿ" ಅಂದ. ಅವನಿಗೆ ಏನೆಂದು ಹೇಳಲಿ? ಇದೇ ವಾಸನೆಯೊಳಗೆ ನಾನು ಒಂದು ಇಡೀ ಮಳೆಗಾಲ ಸಿಕ್ಕಿಹಾಕಿಕೊಂಡಿದ್ದೆ.

ಆಗ ನಾನು ಕ್ರೇನ್ ಆಪರೇಟರ್. ಸಂಡೂರು ತಾಲ್ಲೂಕಿನ ವಡ್ಡು ಸಮೀಪದ ಒಂದು ಸಣ್ಣ ಊರು ನಮ್ಮದು. ಹೊಲದಲ್ಲಿ ಹೊಟ್ಟೆ ತುಂಬುವವರು ಹೊಲಕ್ಕೆ ಹೋಗುತ್ತಾರೆ, ಉಳಿದವರು ಹೆಲ್ಮೆಟ್ಟು ಹಾಕಿಕೊಂಡು ಬೈಕು ಹತ್ತುತ್ತಾರೆ. ನಾನು ಒಬ್ಬ ಗುತ್ತಿಗೆದಾರರ ಯಾರ್ಡಿನಲ್ಲಿ ಕೆಲಸಕ್ಕಿದ್ದೆ. ಕಾರ್ಖಾನೆಯಿಂದ ಬಂದ ಉಕ್ಕಿನ ಸುರುಳಿಗಳನ್ನು, ನಾವು ಅದಕ್ಕೆ ಕಾಯಿಲ್ ಅನ್ನುತ್ತೇವೆ, ಒಂದು ಉದ್ದನೆಯ ಶೆಡ್ಡಿನಲ್ಲಿ ಜೋಡಿಸಿಟ್ಟು, ಆಮೇಲೆ ಬೇಕಾದಂತೆ ಲಾರಿಗಳಿಗೆ ತುಂಬುವ ಕೆಲಸ. ಶೆಡ್ಡಿನ ಚಾವಣಿಯ ಕೆಳಗೆ ಈ ಗೋಡೆಯಿಂದ ಆ ಗೋಡೆಗೆ ಓಡಾಡುವ ಕ್ರೇನು. ಆ ಕ್ರೇನಿಗೆ ನೇತುಬಿದ್ದ ಗಾಜಿನ ಕ್ಯಾಬಿನ್ನು. ಅದರೊಳಗೆ ಒಂದು ಕುರ್ಚಿ, ಎರಡು ಕೈಗೂ ಲಿವರು, ಕಾಲ ಕೆಳಗೆ ಗಾಜು. ಕಬ್ಬಿಣದ ಏಣಿ ಹತ್ತಿ ಹೋಗಿ ಕೂತರೆ ಊಟದ ಹೊತ್ತಿನವರೆಗೆ ಇಳಿಯುವ ಹಾಗಿಲ್ಲ. ನನಗೆ ಆ ಕೆಲಸವೆಂದರೆ ಭಾರಿ ಹೆಮ್ಮೆ. ಆನೆಯಂಥ ಕಾಯಿಲನ್ನು ಎತ್ತಿ ಲಾರಿಯ ಮೇಲೆ ಸದ್ದಾಗದಂತೆ ಇಡುತ್ತಿದ್ದೆ. ಕೆಳಗೆ ಕಾಯಿಲ್‌ಗೆ ಕೊಕ್ಕೆ ಸಿಕ್ಕಿಸಿ, ಕೈಸನ್ನೆಯಲ್ಲಿ ನನಗೆ ದಾರಿ ತೋರಿಸುತ್ತಿದ್ದವನು ಹೊನ್ನೂರಸಾಬ. ವಯಸ್ಸಿನಲ್ಲಿ ನನ್ನ ಓರಗೆಯವನು, ಪಕ್ಕದ ಊರಿನವನು. ನನ್ನನ್ನು "ಮ್ಯಾಲಿನ ಸಾಹುಕಾರ" ಅಂತ ಕರೆಯುತ್ತಿದ್ದ.

ನನ್ನ ನಿಜವಾದ ಹೆಸರು ಎರ್ರಿಸ್ವಾಮಿ. ಬಳ್ಳಾರಿ ಕಡೆ ಓಣಿಗೆ ಒಬ್ಬರಾದರೂ ಇರುತ್ತಾರೆ; ಅದೇ ಹೆಸರಿನ ಅವಧೂತ ತಾತನ ಮೇಲಿನ ಭಕ್ತಿಗೆ ಇಡುವ ಹೆಸರು. ಆದರೆ ತೆಲುಗಿನಲ್ಲಿ ಎರ್ರಿ ಅಂದರೆ ಹುಚ್ಚು. ಗಡಿ ಹತ್ತಿರದ ನಮಗೆಲ್ಲ ಅಷ್ಟು ತೆಲುಗು ಬರುತ್ತದೆ. ಚಿಕ್ಕಂದಿನಿಂದ ಆ ಚೇಷ್ಟೆ ಕೇಳಿ ಕೇಳಿ ನನಗೆ ಅಭ್ಯಾಸವಾಗಿತ್ತು. ಆ ವರ್ಷದವರೆಗೆ.

ಮುಂಗಾರು ಆ ಸಲ ಜೋರಾಗಿಯೇ ಹಿಡಿದಿತ್ತು. ಸಂಡೂರಿನ ಗುಡ್ಡಗಳು ಒಂದೇ ವಾರದಲ್ಲಿ ಹಸಿರಾದವು, ರಸ್ತೆಯಲ್ಲಿ ಕುಂಕುಮ ಕದಡಿದಂಥ ನೀರು ಹರಿಯಿತು. ತಗಡಿನ ಚಾವಣಿ ನನ್ನ ತಲೆಯ ಮೇಲೆ ಅಷ್ಟು ಸನಿಹದಲ್ಲಿದ್ದುದರಿಂದ ಮಳೆಯ ಸದ್ದು ಕಿವಿಯೊಳಗೇ ಬೀಳುತ್ತಿತ್ತು. ಒಂದು ಬೆಳಿಗ್ಗೆ ಕಾಯಿಲ್ ಎತ್ತಿ ಅರ್ಧ ದಾರಿಗೆ ತಂದಿದ್ದೆ. ಇದ್ದಕ್ಕಿದ್ದಂತೆ ಎದೆ ಒಳಗಿನಿಂದ ಗುದ್ದತೊಡಗಿತು. ಬೆರಳುಗಳು ಜುಮುಗುಟ್ಟಿದವು. ಎಷ್ಟು ಎಳೆದರೂ ಉಸಿರು ಗಂಟಲಿನಿಂದ ಕೆಳಗೆ ಇಳಿಯಲಿಲ್ಲ. ಗಾಜಿನ ಮೇಲೆ ನನ್ನ ಉಸಿರಿನ ಮಂಜು ಕಟ್ಟಿತು. ಸತ್ತೆ ಅಂದುಕೊಂಡೆ. ಅನುಮಾನವೇ ಇರಲಿಲ್ಲ, ಸಾಯುತ್ತಿದ್ದೇನೆ, ಅದೂ ಈ ಡಬ್ಬಿಯೊಳಗೆ. ಎದ್ದು ಓಡೋಣವೆಂದರೆ ಕೊಕ್ಕೆಯಲ್ಲಿ ಕಾಯಿಲ್ ತೂಗುತ್ತಿದೆ. ಹೇಗೋ ಅದನ್ನು ಸಿಕ್ಕ ಜಾಗದಲ್ಲಿ ಇಳಿಸಿದೆ. ಏಣಿ ಇಳಿಯುವ ಹೊತ್ತಿಗೆ ಎಲ್ಲ ಸರಿಯಾಗಿತ್ತು. ಅಂಗಿ ಮಾತ್ರ ಬೆವರಿಗೆ ಮೈಗೆ ಅಂಟಿತ್ತು.

ಹೊಸಪೇಟೆಯ ಹೃದಯದ ಡಾಕ್ಟರ ಬಳಿ ಹೋದೆವು. ಎದೆಗೆ ತಂತಿ ಅಂಟಿಸಿದರು, ಪಟ್ಟಿಯ ಮೇಲೆ ಓಡಿಸಿದರು, ರಕ್ತ ತೆಗೆದರು. ಕೊನೆಗೆ ಡಾಕ್ಟರು ನಕ್ಕು, "ಹಾರ್ಟು ಮಸ್ತ್ ಐತಪ್ಪ. ಗ್ಯಾಸ್ ಇರಬೇಕು. ಖಾರ ಕಮ್ಮಿ ಮಾಡು" ಅಂದರು. ನನ್ನ ಹೆಂಡತಿ ಹುಲಿಗೆಮ್ಮ ಅಲ್ಲೇ ಕೈ ಮುಗಿದಳು. ನನಗೆ ಮಾತ್ರ ಇದ್ದ ಒಂದು ಬಾಗಿಲನ್ನೂ ಯಾರೋ ಮುಚ್ಚಿದಂತಾಯಿತು. ಕಾಯಿಲೆ ಇದೆ ಅಂದಿದ್ದರೆ ಔಷಧಿ ಇರುತ್ತಿತ್ತು. ಇಲ್ಲದ ಕಾಯಿಲೆಯನ್ನು ಹಿಡಿದುಕೊಂಡು ಎಲ್ಲಿಗೆ ಹೋಗುವುದು?

ಅದು ಕ್ಯಾಬಿನ್ನಿನಲ್ಲಿ ಮತ್ತೆ ಬಂತು. ಆಮೇಲೆ ಕ್ಯಾಬಿನ್ ಬಿಟ್ಟು ಕೆಳಗೂ ಬಂತು. ಕಟಿಂಗ್ ಶಾಪಿನಲ್ಲಿ ಕುತ್ತಿಗೆಗೆ ಬಟ್ಟೆ ಕಟ್ಟಿದರೆ ಬಂತು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗದಿದ್ದರೆ ಬಂತು. ಬಚ್ಚಲಿನ ಚಿಲಕ ಹಾಕುವುದನ್ನು ಬಿಟ್ಟೆ. ಹುಲಿಗೆಮ್ಮ ಗಮನಿಸಿದಳು, ಬಚ್ಚಲಿಗೆ ಒಂದು ಹಳೆಯ ಸೀರೆಯ ಪರದೆ ಕಟ್ಟಿದಳು. ಬರುವುದಕ್ಕಿಂತ ಹೆಚ್ಚು ಕಷ್ಟದ್ದೆಂದರೆ ಅದು ಬಂದೀತೆಂದು ಕಾಯುವುದು. ಬೆಳಿಗ್ಗೆ ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಡುವಾಗಲೇ ಇವತ್ತು ಬರುತ್ತದೆ ಅನ್ನಿಸುತ್ತಿತ್ತು. ಆದರೂ ಹತ್ತುತ್ತಿದ್ದೆ. ಹತ್ತದೆ ಮತ್ತೇನು ಮಾಡಲಿ? ಎದೆ ಹೆದರುತ್ತದೆ ಅಂತ ಹೇಳಿದ ಆಪರೇಟರನ್ನು ಯಾವ ಯಾರ್ಡಿನವರು ಇಟ್ಟುಕೊಳ್ಳುತ್ತಾರೆ?

ಶ್ರಾವಣದಲ್ಲಿ ಕಂಪ್ಲಿಯಲ್ಲಿ ಹುಲಿಗೆಮ್ಮನ ತಮ್ಮನ ಮದುವೆ. ಟೆಂಪೊ ಮಾಡಿಕೊಂಡು ಹೊರಟೆವು. ಕಮಲಾಪುರದಲ್ಲಿ ಹಂಪಿಗೆ ಹೋಗುವ ಟೂರಿಸ್ಟ್ ಬಸ್ಸುಗಳ ನಡುವೆ ನಮ್ಮ ಟೆಂಪೊ ಸಿಕ್ಕಿಕೊಂಡಿತು. ನಾನು ಇಳಿದು, ಮಳೆಯಲ್ಲಿ ಅದರ ಪಕ್ಕವೇ ನಡೆದೆ. ನೆಂಟರೆಲ್ಲ ನಕ್ಕರು. ಕಂಪ್ಲಿಯಲ್ಲಿ ಊಟದ ಪಂಕ್ತಿಯಲ್ಲಿ ನನ್ನನ್ನು ಗೋಡೆಯ ಕಡೆ, ನಡುಮಧ್ಯದಲ್ಲಿ ಕೂರಿಸಿದರು. ಆಚೆ ಈಚೆ ಜನ, ಮುಂದೆ ಬಡಿಸುವವರು. ಎಲೆಗೆ ಗೋದಿ ಹುಗ್ಗಿ ಬಿತ್ತು, ಅದರ ಮೇಲೆ ತುಪ್ಪ ಬಿತ್ತು, ಅಷ್ಟರಲ್ಲಿ ಎದೆ ಗುದ್ದತೊಡಗಿತು. ಎದ್ದೆ. ಎಲೆಗಳನ್ನು ದಾಟಿಕೊಂಡು, ಯಾರದೋ ನೀರಿನ ಲೋಟ ಉರುಳಿಸಿ, ಹೊರಗೆ ಓಡಿದೆ. ಓಡಿ ನಿಂತದ್ದು ಹೊಳೆಯ ಹತ್ತಿರ. ಡ್ಯಾಮಿನಿಂದ ನೀರು ಬಿಟ್ಟಿದ್ದರು. ಸೇತುವೆ ಮುಳುಗಿತ್ತು, ಆ ಕಡೆ ಹೋಗುವವರೆಲ್ಲ ಈ ಕಡೆ ನಿಂತು ನೀರು ನೋಡುತ್ತಿದ್ದರು. ನಾನೂ ಅವರಲ್ಲಿ ಒಬ್ಬನಂತೆ ನಿಂತೆ.

ಮದುವೆಮನೆಗೆ ವಾಪಸು ಬಂದಾಗ ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ ಮೆಲ್ಲಗೆ ಕೇಳಿದರು: "ಅಳಿಯಂದ್ರ, ಹುಗ್ಗಿ ಚಲೋ ಆಗಿರಲಿಲ್ಲೇನ್ರಿ?"

ಆ ಮಾತು ಇವತ್ತಿಗೂ ನನಗೆ ಚುಚ್ಚುತ್ತದೆ.

ಮನೆಗೆ ಬಂದ ಮೇಲೆ ಹುಲಿಗೆಮ್ಮ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. "ಏನಾಗೈತಿ ಹೇಳ್ರಿ. ನೀವು ಕುಡದಿರಲಿಲ್ಲ. ಸಿಟ್ಟಿನಾಗೂ ಇರಲಿಲ್ಲ. ಮತ್ಯಾಕ ಎದ್ದು ಓಡಿದ್ರಿ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರ ಹೆಂಗ? ನಿಮ್ಮ ಕಾಲು ನಿಮಗ ಗೊತ್ತಿಲ್ಲದ ಓಡ್ತಾವೇನು?"

"ಓಡ್ತಾವ," ಅಂದೆ. ಆಕೆ ಮರುದಿನ ನನ್ನನ್ನು ನಮ್ಮೂರಿನ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಳು.

ಕೇಂದ್ರ ಅಂದರೆ ಎರಡು ಕೋಣೆಯ ಕಟ್ಟಡ. ಡಾಕ್ಟರು ಅಲ್ಲಿ ಇರುವುದಿಲ್ಲ. ಕವಿತಾ ಸಿಸ್ಟರ್ ಅಂತ ಒಬ್ಬ ಹುಡುಗಿ, ಬಿಪಿ, ಸಕ್ಕರೆ ಕಾಯಿಲೆ, ಬಸುರಿಯರು, ಕೂಸುಗಳು, ಎಲ್ಲವನ್ನೂ ಅವಳೇ ನೋಡುತ್ತಿದ್ದಳು. ಆಕೆಯ ಮೇಜಿನ ಮೇಲೆ ಒಂದು ಟ್ಯಾಬ್ಲೆಟ್ ಇತ್ತು. ಮಾತ್ರೆಯಲ್ಲ, ಸ್ಲೇಟಿನಷ್ಟು ದೊಡ್ಡ ಫೋನು. ಮನಸ್ಸಿನ ಕಾಯಿಲೆಗೂ ಅದರಲ್ಲಿ ಪ್ರಶ್ನೆಗಳು ಬಂದಿದ್ದವು. ಸಿಸ್ಟರ್ ಅದನ್ನು ನೋಡಿಕೊಂಡು ಓದಿದಳು: "ಇತ್ತೀಚಿನ ದಿನಗಳಲ್ಲಿ ತಾವು ಆತಂಕ, ಉದ್ವಿಗ್ನತೆ ಅಥವಾ ಚಡಪಡಿಕೆಯನ್ನು ಅನುಭವಿಸಿದ್ದೀರಾ?"

"ಇಲ್ರಿ," ಅಂದೆ.

ಎಲ್ಲದಕ್ಕೂ ಇಲ್ಲ ಅಂದೆ. ಅದು ನನ್ನನ್ನು ಕೇಳುತ್ತಿದೆ ಅಂತಲೇ ನನಗೆ ಅನ್ನಿಸಲಿಲ್ಲ. ಹೈಸ್ಕೂಲಿನ ಪಾಠದಂತೆ ಇತ್ತು. ಸಿಸ್ಟರ್ ಟ್ಯಾಬ್ಲೆಟನ್ನು ಮಗುಚಿಟ್ಟು ನನ್ನ ಮುಖ ನೋಡಿದಳು. "ಅಣ್ಣಾರ, ಎದಿ ಡವಡವ ಅಂತೈತೇನ್ರಿ? ಇಲ್ಲೇ ಈಗ ಸತ್ತೆ ಅನ್ನೂ ಹಂಗ ಆಗ್ತೈತೇನ್ರಿ?"

ಹುಲಿಗೆಮ್ಮ ನನ್ನ ಕಡೆ ತಿರುಗಿದಳು.

"ಹೂಂ," ಅಂದೆ.

ಇದಕ್ಕೆ ದೊಡ್ಡ ಡಾಕ್ಟರು ಇದ್ದಾರೆ, ವಿಡಿಯೊದಲ್ಲಿ ಮಾತಾಡಿಸುತ್ತೇನೆ ಅಂದಳು. ಆದರೆ ನಮ್ಮೂರಿನಲ್ಲಿ ಮಳೆಗಾಲದ ನೆಟ್‌ವರ್ಕು. ಆ ಕಟ್ಟಡದಲ್ಲಿ ಅದು ಸಿಗುತ್ತಿದ್ದುದು ಒಂದೇ ಒಂದು ಜಾಗದಲ್ಲಿ, ಮುಂದಿನ ಕಿಟಕಿಯ ಹತ್ತಿರ. ಕಿಟಕಿಯ ಆಚೆ ಕಾಯುವವರ ಬೆಂಚು. ಅಲ್ಲಿ ಅರ್ಧ ಊರು ಕೂತಿತ್ತು. ಕಂಬಿಗೆ ಮೂಗು ತಾಗಿಸಿಕೊಂಡಂತೆ ಸಕ್ಕರೆ ಮಾತ್ರೆಯ ನಿಂಗಜ್ಜಿ. ಅವಳ ಮೊಮ್ಮಗ ನಮ್ಮ ಯಾರ್ಡಿನಲ್ಲೇ ಲಾರಿಗಳ ಲೆಕ್ಕ ಬರೆಯುವವನು. ಪರದೆಯಲ್ಲಿ ಡಾಕ್ಟರಮ್ಮ ಬಂದರು. ಕನ್ನಡಕ, ನರೆತ ಕೂದಲು. "ನಮಸ್ಕಾರ, ಏನಾಗ್ತಿದೆ ಹೇಳಿ" ಅಂದರು, ಮೈಸೂರು ಕಡೆಯ ಮೆತ್ತನೆಯ ಮಾತಿನಲ್ಲಿ. ಆ ದನಿ ಕೋಣೆ ತುಂಬಿ ಕಿಟಕಿಯಿಂದ ಹೊರಗೆ ಹೋಯಿತು. ಬೆಂಚಿನ ಮೇಲಿನ ಮಾತು ನಿಂತಿತು.

"ಎದಿ ಬ್ಯಾನಿ ಐತ್ರಿ," ಅಂದೆ.

ಡಾಕ್ಟರಮ್ಮ ಪರದೆಯ ಹತ್ತಿರಕ್ಕೆ ಬಗ್ಗಿದರು. "ಅಲ್ಲಿ ಯಾರಾದ್ರೂ ಕೇಳಿಸ್ಕೊಳ್ತಿದ್ದಾರಾ?"

ಸಿಸ್ಟರ್ ತನ್ನ ಚೀಲದಿಂದ ಇಯರ್‌ಫೋನ್ ತೆಗೆದು ನನ್ನ ಕಿವಿಗೆ ಇಟ್ಟಳು. ಈಗ ಡಾಕ್ಟರಮ್ಮನ ಮಾತು ನನಗೆ ಮಾತ್ರ. "ನಾನು ಕೇಳ್ತೀನಿ. ನೀವು ಹೂಂ, ಊಹೂಂ ಅಂದ್ರೆ ಸಾಕು," ಅಂದರು. ಕೇಳುತ್ತ ಹೋದರು. ನನ್ನ ಬೆರಳು ಜುಮುಗುಟ್ಟುವುದು, ಮುಚ್ಚಿದ ಬಾಗಿಲು, ಬಸ್ಸು, ಕಾಯುವ ಭಯ, ಎಲ್ಲ ಅವರಿಗೆ ಹೇಗೋ ಗೊತ್ತಿತ್ತು. ನಾನು ಹೂಂಗುಟ್ಟುತ್ತ ಹೋದೆ. ಕಣ್ಣಲ್ಲಿ ನೀರು ಬಂತು. ಕಿಟಕಿಯ ಆಚೆಯಿಂದ ನಿಂಗಜ್ಜಿ, "ಭಾಳ ನೋವೈತೇನೋ ಪಾಪ" ಅಂದದ್ದು ಇಯರ್‌ಫೋನಿನ ಸಂದಿಯಿಂದ ಕೇಳಿಸಿತು.

"ನೀವು ಸಾಯೋದಿಲ್ಲ. ಇದು ಹೃದಯದ ಕಾಯಿಲೆ ಅಲ್ಲ, ಹುಚ್ಚೂ ಅಲ್ಲ. ಭಯದ ಗಂಟೆ ಕಾರಣ ಇಲ್ದೆ ಹೊಡ್ಕೊಳ್ತಿದೆ. ಇದಕ್ಕೆ ಚಿಕಿತ್ಸೆ ಇದೆ," ಅಂದರು. ಆಮೇಲೆ ಹೂಂ, ಊಹೂಂನಲ್ಲಿ ಮುಗಿಯದ ಒಂದು ಪ್ರಶ್ನೆ ಕೇಳಿದರು: "ಏನು ಕೆಲಸ ಮಾಡ್ತೀರಿ?"

ಕಿಟಕಿ ನೋಡಿದೆ. "ಡ್ರೈವರ್ರಿ," ಅಂದೆ.

"ಏನು ಓಡಿಸ್ತೀರಿ?" ಅಂದರು. ಅಷ್ಟರಲ್ಲಿ ಅವರ ಮುಖ ಬಾಯಿ ತೆರೆದಂತೆಯೇ ಪರದೆಯ ಮೇಲೆ ನಿಂತುಹೋಯಿತು. ನೆಟ್‌ವರ್ಕ್ ಹೋಗಿತ್ತು. ನನಗೆ ಜೀವ ಬಂದಂತಾಯಿತು.

ಡಾಕ್ಟರಮ್ಮ ಬರೆದು ಕಳಿಸಿದ ಮಾತ್ರೆ ಕೊಟ್ಟರು. ಜೊತೆಗೆ ಸಿಸ್ಟರ್ ನನ್ನ ಫೋನಿಗೆ ಒಂದು ಆ್ಯಪ್ ಹಾಕಿದಳು. ಅದರಲ್ಲಿ ಒಂದು ನೀಲಿ ವರ್ತುಲ ನಿಧಾನಕ್ಕೆ ಉಬ್ಬುತ್ತದೆ, ನಿಧಾನಕ್ಕೆ ಕುಗ್ಗುತ್ತದೆ. ಅದರ ಜೊತೆಗೆ ಉಸಿರು ಎಳೆದುಕೊಳ್ಳಬೇಕು, ಬಿಡಬೇಕು. ದಿನಕ್ಕೊಮ್ಮೆ ಅದು "ಇಂದು ನಿಮ್ಮ ಮನಸ್ಸು ಹೇಗಿದೆ?" ಅಂತ ಕೇಳುತ್ತದೆ. ಅಳುಮುಖದಿಂದ ನಗುಮುಖದವರೆಗೆ ಸಾಲಾಗಿ ಮುಖಗಳು. "ಹೆಂಗ ಅನಸ್ತೈತೋ ಆ ಮುಖ ಒತ್ರಿ ಅಣ್ಣಾರ. ನನಗ ಇಲ್ಲಿ ಕಾಣ್ತೈತಿ. ಅಳುಮುಖ ಭಾಳ ಬಂದ್ರ ನಾನಾ ಫೋನ್ ಮಾಡ್ತೀನಿ," ಅಂದಳು.

ಆದರೆ ಯಾರ್ಡಿನೊಳಗೆ ಫೋನ್ ಒಯ್ಯುವ ಹಾಗಿರಲಿಲ್ಲ, ಸುರಕ್ಷತೆಯ ನಿಯಮ. ಮನೆಯಲ್ಲಿದ್ದುದೂ ಅದೊಂದೇ ಫೋನು. ಹಾಗಾಗಿ ಅದು ಹುಲಿಗೆಮ್ಮನ ಹತ್ತಿರ ಇರುತ್ತಿತ್ತು. ನೀಲಿ ವರ್ತುಲ ಮನೆಯಲ್ಲಿ ಉಬ್ಬಿ ಕುಗ್ಗುತ್ತಿದ್ದಾಗ ನಾನು ಮೇಲೆ ಗಾಜಿನೊಳಗೆ ಕೂತಿರುತ್ತಿದ್ದೆ. ಮಾತ್ರೆಯಿಂದ ಸ್ವಲ್ಪ ನಿದ್ದೆ ಬಂತು ಅನ್ನುವುದು ನಿಜ. ಕ್ಯಾಬಿನ್ ಮಾತ್ರ ಹಾಗೆಯೇ ಇತ್ತು. ಆ್ಯಪನ್ನು ನಾನು ಮರೆತೇಬಿಟ್ಟೆ. ಸಿಸ್ಟರ್ ಫೋನ್ ಮಾಡಲಿಲ್ಲ. ಅವಳೂ ಮರೆತಳು ಅಂದುಕೊಂಡೆ.

ಗಣೇಶನ ಹಬ್ಬ ಮುಗಿದ ಮೇಲೆ ಒಂದು ಮಧ್ಯಾಹ್ನ, ಜೋರು ಮಳೆ. ಲಾರಿಗಳು ಸಾಲುಗಟ್ಟಿ ನಿಂತಿದ್ದವು, ಡ್ರೈವರ್‌ಗಳು ಜಲ್ದಿ ಜಲ್ದಿ ಅಂತ ಹಾರನ್ ಒತ್ತುತ್ತಿದ್ದರು. ಕಾಯಿಲ್ ಎತ್ತಿ ಲಾರಿಯ ಕಡೆ ತರುತ್ತಿದ್ದೆ. ಅದು ಬಂತು. ಹಿಂದೆಂದೂ ಅಷ್ಟು ಜೋರಾಗಿ ಬಂದಿರಲಿಲ್ಲ. ಲಿವರಿನ ಮೇಲಿದ್ದ ಕೈ ನನ್ನದಾಗಿ ಉಳಿಯಲಿಲ್ಲ. ತಟ್ಟನೆ ನಿಂತ ಕ್ರೇನಿಗೆ ಕಾಯಿಲ್ ತೂಗಾಡತೊಡಗಿತು. ಕಾಲ ಕೆಳಗಿನ ಗಾಜಿನಲ್ಲಿ ನೋಡಿದರೆ ಅದರ ನೇರಕ್ಕೆ ಹೊನ್ನೂರಸಾಬ, ಅವನ ಪಕ್ಕ ಲಾರಿಯ ಕ್ಲೀನರು. ಹೊನ್ನೂರ ಇಳಿಸು ಅಂತ ಸನ್ನೆ ಮಾಡಿದ. ನನ್ನಿಂದ ಆಗಲಿಲ್ಲ. ಕೈ ಜಾರಿ ತಪ್ಪು ಲಿವರ್ ಎಳೆದರೆ ಏನಾಗುತ್ತದೆ ಅನ್ನುವುದು ನನ್ನ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು, ಅದು ಕಂಡಷ್ಟೂ ಕೈ ಇನ್ನೂ ಮರಗಟ್ಟುತ್ತಿತ್ತು.

ಹೊನ್ನೂರನಿಗೆ ಏನೋ ಹೊಳೆದಿರಬೇಕು. ಕ್ಲೀನರನ್ನು ಆಚೆ ತಳ್ಳಿದ. ಎಲ್ಲರನ್ನೂ ದೂರ ಕಳಿಸಿದ. ತಾನೂ ಸರಿದು, ನನಗೆ ನೇರ ಕಾಣುವ ಹಾಗೆ ಬೆಳಕಿರುವ ಜಾಗದಲ್ಲಿ ನಿಂತ. ಕೂಗಲಿಲ್ಲ. ಕೈ ಎತ್ತಿ, ಹೊಸಬನಿಗೆ ಕಲಿಸುವವನಂತೆ, ನಿಧಾನಕ್ಕೆ ಸನ್ನೆ ಮಾಡಿದ. ಸ್ವಲ್ಪ ಕೆಳಗೆ. ನಿಲ್ಲಿಸು. ಇನ್ನು ಸ್ವಲ್ಪ ಕೆಳಗೆ. ನಾನು ಕಾಯಿಲ್ ನೋಡಲಿಲ್ಲ, ಲಾರಿ ನೋಡಲಿಲ್ಲ, ಅವನ ಅಂಗೈ ಒಂದನ್ನೇ ನೋಡಿದೆ. ಕಾಯಿಲ್ ನೆಲ ಮುಟ್ಟಿತು.

ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಹೊನ್ನೂರನೇ ಏಣಿ ಹತ್ತಿ ಬಂದು ಕ್ಯಾಬಿನ್ನಿನ ಬಾಗಿಲು ತೆರೆದು ಹೊರಗಿನ ಕಟಾಂಜನ ಹಿಡಿದು ಕೂತ. ಮಳೆಯ ಸದ್ದಿಗೆ ಅವನು ನನ್ನ ಕಿವಿಯ ಹತ್ತಿರ ಬಂದು ಮಾತಾಡಬೇಕಾಯಿತು.

"ಏನಾಗೈತಲೇ ನಿನಗ?"

ಹೇಳಿದೆ. ಜೂನ್ ತಿಂಗಳಿಂದ ಅವತ್ತಿನವರೆಗೆ, ಹುಲಿಗೆಮ್ಮನಿಗೂ ಪೂರ್ತಿ ಹೇಳದ್ದನ್ನು ಅವನಿಗೆ ಹೇಳಿದೆ. ಅವನು ಬೆನ್ನು ತಟ್ಟುತ್ತಾನೆ ಅಂದುಕೊಂಡಿದ್ದೆ. ತಟ್ಟಲಿಲ್ಲ.

"ಇಷ್ಟು ದಿನ ನನ್ನ ತಲಿ ಮ್ಯಾಲ ತೂಗಿದ್ದು ಅದು," ಅಂದ. "ನನಗ ಹೇಳಬೇಕಿತ್ತು."

"ಹೇಳಿದ್ರ ಕೆಲಸ ಹೋಗತೈತಿ, ಹೊನ್ನೂರ."

"ಹೇಳದಿದ್ರ ನಾ ಹೋಗ್ತೀನಿ." ಕೆಳಗೆ ತಾನು ನಿಲ್ಲುವ ಜಾಗ ತೋರಿಸಿ ಅಂದ: "ನಾಳಿ ನೀ ಹತ್ತಿದ್ರ ನಾ ಕೆಳಗ ನಿಂದ್ರಂಗಿಲ್ಲ. ಯಾರಿಗೂ ಏನೂ ಹೇಳಂಗೂ ಇಲ್ಲ. ಸುಮ್ಮನ ನಿಂದ್ರಂಗಿಲ್ಲ, ಅಷ್ಟಾ."

ಆಮೇಲೆ ನನ್ನ ಜೊತೆ ಒಂದೊಂದೇ ಮೆಟ್ಟಿಲು ಇಳಿದ. ಅವನು ನನ್ನ ಕೆಳಗೆ ಇಳಿದ, ನಾನು ಜಾರಿದರೆ ಹಿಡಿಯಲು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗಲಿಲ್ಲ, ಹುಲಿಗೆಮ್ಮನಿಗೂ ಹೇಳದೆ ಆರೋಗ್ಯ ಕೇಂದ್ರಕ್ಕೆ ಹೋದೆ. ನನ್ನನ್ನು ಕಂಡದ್ದೇ ಕವಿತಾ ಸಿಸ್ಟರ್ ಮುಖ ಅರಳಿಸಿ, "ಬರ್ರಿ ಅಣ್ಣಾರ, ಕುಂದ್ರಿ. ನೀವು ಭಾಳ ಆರಾಮ ಆಗೀರಿ. ಎಲ್ಲಾರಿಗೂ ನಿಮ್ಮ ಹೆಸರಾ ಹೇಳ್ತೀನಿ," ಅಂದಳು.

"ಯಾರು ಹೇಳಿದ್ರು?"

ಟ್ಯಾಬ್ಲೆಟ್ ತಿರುಗಿಸಿ ತೋರಿಸಿದಳು. ನನ್ನ ಹೆಸರಿನ ಮುಂದೆ ದಿನದಿನವೂ ನಗುಮುಖ. ಹಲ್ಲು ತೋರಿಸಿ ನಗುವ ಹಳದಿ ಮುಖಗಳು ಸಾಲು ಸಾಲು. ಉಸಿರು ಸಿಗದೆ ಒದ್ದಾಡಿದ ನಿನ್ನೆಗೂ ಒಂದು ನಗುಮುಖ.

"ನಾ ಒತ್ತಿಲ್ರಿ," ಅಂದೆ. ಹಾಗೆ ಅನ್ನುವಾಗಲೇ ಯಾರು ಒತ್ತಿರಬಹುದು ಅನ್ನುವುದು ಹೊಳೆಯಿತು.

ಸಿಸ್ಟರ್ ಮುಖ ಸಣ್ಣದಾಯಿತು. "ಅಂದ್ರ ಇಷ್ಟ ದಿನ..." ಅಂದವಳು ಮಾತು ಮುಗಿಸದೆ ಎದ್ದಳು. ಬಿಪಿ ತೋರಿಸುವ ದಿನವಾಗಿದ್ದರಿಂದ ಬೆಂಚು ಕಿಕ್ಕಿರಿದಿತ್ತು. ಅವಳು ಒಮ್ಮೆ ಕಿಟಕಿಯನ್ನೂ ಒಮ್ಮೆ ನನ್ನನ್ನೂ ನೋಡಿ, ಟ್ಯಾಬ್ಲೆಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಛತ್ರಿ ತೆಗೆದುಕೊಂಡು, "ಬರ್ರಿ ಮ್ಯಾಲ, ಅಲ್ಲಿ ಸಿಗ್ತೈತೇನೋ ನೋಡೂಣು," ಅಂದಳು.

ಕಟ್ಟಡದ ಹಿಂದಿನ ಮೆಟ್ಟಿಲು ಹತ್ತಿ ತಾರಸಿಗೆ ಹೋದೆವು. ಅಲ್ಲಿ ನೆಟ್‌ವರ್ಕು ತುಂಬ ಚೆನ್ನಾಗಿತ್ತು. ಮಳೆಯಲ್ಲಿ ಯಾರೂ ಮೇಲೆ ಹತ್ತುವುದಿಲ್ಲವಾದ್ದರಿಂದ ಅದು ಅವಳಿಗೂ ಆವರೆಗೆ ಗೊತ್ತಿರಲಿಲ್ಲ. ನೀರಿನ ಟಾಕಿಯ ಪಕ್ಕ ಕಟ್ಟೆಯ ಮೇಲೆ ನನ್ನನ್ನು ಕೂರಿಸಿ, ಡಾಕ್ಟರಮ್ಮನಿಗೆ ಕರೆ ಮಾಡಿ, ಛತ್ರಿಯನ್ನು ನನ್ನ ಕೈಗೆ ಕೊಟ್ಟು ತಾನು ತೊಯ್ದುಕೊಂಡು ಇಳಿದುಹೋದಳು. ಸುತ್ತ ಗೋಡೆಯಿಲ್ಲ, ಬಾಗಿಲಿಲ್ಲ. ಗುಡ್ಡಗಳು ಕಾಣುತ್ತಿದ್ದವು. ಮೂರು ತಿಂಗಳಲ್ಲಿ ಮೊದಲ ಸಲ ನನಗೆ ಮಾತಾಡಲು ಸಾಕಾಗುವಷ್ಟು ಉಸಿರು ಸಿಕ್ಕಿತು.

"ಡಾಕ್ಟ್ರೇ, ನಾ ಡ್ರೈವರ್ ಅಲ್ರಿ. ಕ್ರೇನ್ ಆಪರೇಟ್ರು," ಅಂದೆ. ಎಲ್ಲ ಹೇಳಿದೆ, ಹಿಂದಿನ ದಿನದ್ದೂ.

ಅವರು ಕನ್ನಡಕ ತೆಗೆದರು. "ನೀವು ಸದ್ಯಕ್ಕೆ ಮೇಲೆ ಹತ್ತಬಾರದು. ನಾನು ಬರ್ದು ಕೊಡ್ತೀನಿ."

"ಬರದ್ರ ನನ್ನ ಕೆಲಸ ಹೋಗತೈತ್ರಿ."

"ಬರೀದೆ ಇದ್ರೆ?"

ಛತ್ರಿಯ ಮೇಲೆ ಮಳೆ ಸುರಿಯುತ್ತಿತ್ತು. ಕೆಳಗೆ ನಿಂತು ಅಂಗೈ ತೋರಿಸುತ್ತಿದ್ದ ಹೊನ್ನೂರ ಕಣ್ಣ ಮುಂದೆ ಬಂದ.

"ಬರೀರಿ," ಅಂದೆ. "ಆದ್ರ ಏನಂತ ಬರೀತೀರಿ? ನನ್ನ ಹೆಸರಾ ಎರ್ರಿಸ್ವಾಮಿ. ಇದೊಂದು ಸೇರಿದ್ರ ಊರಾಗ ನನ್ನ ಬಾಳೇವು ಮುಗೀತು."

ಅವರಿಗೆ ತೆಲುಗು ಗೊತ್ತಿರಲಿಲ್ಲವೆಂದು ಕಾಣುತ್ತದೆ, ನಾನು ಅರ್ಥ ಹೇಳಬೇಕಾಯಿತು. ನಗಲಿಲ್ಲ. "ಎತ್ತರದ ಮೇಲಿನ ಕೆಲಸ ಸದ್ಯಕ್ಕೆ ಬೇಡ ಅಂತ ಬರೀತೀನಿ. ಅವರಿಗೆ ಅಷ್ಟು ಸಾಕು. ಕಾರಣ ಹೇಳೋದು ಬಿಡೋದು ನಿಮ್ಮಿಷ್ಟ," ಅಂದರು.

ಮನೆಗೆ ಬಂದಾಗ ಹುಲಿಗೆಮ್ಮ ರೊಟ್ಟಿ ಬಡಿಯುತ್ತಿದ್ದಳು. ಫೋನು ಅವಳ ಪಕ್ಕದಲ್ಲೇ ಇತ್ತು. ನಾನು ಅದನ್ನು ತೆಗೆದು ಆ ಹಳದಿ ಮುಖಗಳನ್ನು ತೋರಿಸಿದೆ. ಜೋರು ಮಾಡಬೇಕೆಂದುಕೊಂಡೇ ಬಂದಿದ್ದೆ. ಅವಳು ಹಿಟ್ಟಿನ ಕೈಯಲ್ಲೇ ತಲೆ ತಗ್ಗಿಸಿದಳು.

"ಅಳು ಮುಖ ಒತ್ತೂಕ ನನಗ ಕೈ ಬರಲಿಲ್ರಿ," ಅಂದಳು. "ಗಂಡನ ಹೆಸರಿನ ಮುಂದ ನನ್ನ ಕೈಯಾರ ಅಳು ಮುಖ ಹೆಂಗ ಒತ್ತಲಿ? ಒತ್ತಿದ್ರ ಹಂಗಾ ಆದ್ರ? ನಗು ಒತ್ತಿದ್ರಾದ್ರೂ ನಗ್ತಾರೇನೋ ಅಂತ..."

ಹಂಚಿನ ಮೇಲಿನ ರೊಟ್ಟಿ ಕರಿಯಾಯಿತು. ಇಬ್ಬರೂ ತೆಗೆಯಲಿಲ್ಲ.

ಡಾಕ್ಟರಮ್ಮನ ಚೀಟಿ ಕೊಟ್ಟಾಗ ಯಾರ್ಡಿನ ಸೂಪರ್‌ವೈಸರು ಮೇಲೆ ಕೆಳಗೆ ನೋಡಿ, "ಯಾಕೋ, ತಲೆಸುತ್ತಾ?" ಅಂದ. ಹೂಂ ಅಂದೆ. ಕೆಲಸ ಪೂರ್ತಿ ಹೋಗಲಿಲ್ಲ. ಹೊನ್ನೂರನ ಜೊತೆ ಕೆಳಗೆ ಕೊಕ್ಕೆ ಹಾಕಲು ಹಚ್ಚಿದರು. ಸಂಬಳ ಇಳಿಯಿತು. ಮೇಲೆ ಒಬ್ಬ ಹೊಸ ಆಪರೇಟರು ಬಂದ. ಊರಿನಲ್ಲಿ ಸುದ್ದಿಯೂ ಆಯಿತು. ತಾರಸಿಯ ಮೇಲೆ ಛತ್ರಿ ಹಿಡಿದು ಒಬ್ಬನೇ ಮಾತಾಡುತ್ತ ಕೂತವನನ್ನು ಎದುರು ಮನೆಯವರು ನೋಡಿದ್ದರು. ಹೋಟೆಲಿನ ಕಟ್ಟೆಯಲ್ಲಿ ಒಬ್ಬ, "ಹೆಸರಿಗೆ ತಕ್ಕಂಗ ಆದ್ಯಲ್ಲೋ ಎರ್ರಿ" ಅಂದ. ಅವತ್ತು ಆ ಚೇಷ್ಟೆ ತಡೆದುಕೊಳ್ಳಲು ಆಗಲಿಲ್ಲ. ಕೆಲವು ದಿನ ಮನೆ ಮತ್ತು ಯಾರ್ಡು ಬಿಟ್ಟು ಬೇರೆಲ್ಲಿಗೂ ಹೋಗಲಿಲ್ಲ. ಕ್ಯಾಬಿನ್ನಿನಿಂದ ಇಳಿದೆನೇನೋ ನಿಜ, ಆದರೆ ಊರೆಲ್ಲ ಗಾಜಿನ ಆಚೆ ನಿಂತು ನನ್ನನ್ನು ನೋಡುತ್ತಿದ್ದಂತೆ ಇತ್ತು. ಕೆಳಗೆ ನಿಂತು, ಬೇರೆಯವನು ಎತ್ತಿದ ಕಾಯಿಲ್ ನನ್ನ ತಲೆಯ ಮೇಲೆ ಹಾಯ್ದುಹೋಗುವಾಗ ಹೊನ್ನೂರ ಅಂದ ಮಾತು ಸರಿಯಾಗಿ ಅರ್ಥವಾಯಿತು.

ತಾರಸಿಯ ಕರೆಗಳು ಮುಂದುವರಿದವು. ಡಾಕ್ಟರಮ್ಮ ಒಂದೊಂದೇ ಕೆಲಸ ಕೊಡುತ್ತಿದ್ದರು. ಬಚ್ಚಲಿನ ಚಿಲಕ ಹಾಕು. ಭಯ ಬಂದರೆ ಓಡಬೇಡ, ಬಂದು ಹೋಗಲಿ, ಕೂತು ನೋಡು. ಆಮೇಲೆ ಕಟಿಂಗ್ ಶಾಪು. ಆಮೇಲೆ ಹೊಸಪೇಟೆಯ ಬಸ್ಸು. ಬಸ್ಸಿನಲ್ಲಿ ಎರಡು ಸಲ ಸೋತು ಅರ್ಧದಾರಿಯಲ್ಲೇ ಇಳಿದೆ. ಕೊನೆಗೆ ಒಂದು ದಿನ ಬಸ್ ಸ್ಟ್ಯಾಂಡಿನವರೆಗೂ ಹೋಗಿ, ಒಂದು ಬಾಳೆಹಣ್ಣು ತಿಂದು, ಅದೇ ಬಸ್ಸಿನಲ್ಲಿ ವಾಪಸು ಬಂದೆ. ಮತ್ತೆ ಕ್ಯಾಬಿನ್ ಹತ್ತುವ ದಿನ ಬರಲಿಲ್ಲ. ಈಗಲೂ ನಾನು ಕೆಳಗಿನವನೇ. ಭಯ ಪೂರ್ತಿ ಹೋಗಿದೆ ಅಂತ ಹೇಳಿದರೆ ಸುಳ್ಳು. ಬರುತ್ತದೆ, ಸ್ವಲ್ಪ ಹೊತ್ತು ಇರುತ್ತದೆ, ಹೋಗುತ್ತದೆ.

ಆ ಮುಖಗಳನ್ನು ಒತ್ತುವ ಕೆಲಸ ಮಾತ್ರ ಹುಲಿಗೆಮ್ಮನ ಕೈಯಲ್ಲೇ ಉಳಿಯಿತು. ಆದರೆ ಈಗ ಸಂಜೆ ನಾನು ಬಂದ ಮೇಲೆ, ಕೈಕಾಲು ತೊಳೆದು ಕೂತ ಮೇಲೆ, ಫೋನು ಹಿಡಿದು ಕೇಳುತ್ತಿದ್ದಳು: "ಇವತ್ತು ಯಾವುದು?" ನಾನು ತೋರಿಸುತ್ತಿದ್ದೆ. ಅಳುಮುಖವಾದರೆ ಒತ್ತುವ ಮೊದಲು, "ಯಾಕ?" ಅನ್ನುತ್ತಿದ್ದಳು. ಹೇಳಬೇಕಾಗುತ್ತಿತ್ತು. ಮದುವೆಯಾಗಿ ಇಷ್ಟು ವರ್ಷಕ್ಕೆ ನಾವು ಹೀಗೆ ಎದುರುಬದುರು ಕೂತು ಮಾತಾಡಿದ್ದು ಅದೇ ಮೊದಲು.

ದೀಪಾವಳಿಯ ಹೊತ್ತಿಗೆ ಒಂದು ಸಂಜೆ ನನ್ನದು ಒತ್ತಿದ ಮೇಲೆ ಅವಳು ಫೋನು ಕೆಳಗಿಡಲಿಲ್ಲ. "ಇದು ನಂದೂ ಕೇಳ್ತೈತೇನ್ರಿ?" ಅಂದಳು.

"ಕೇಳಿದ್ರ ಯಾವುದು ಒತ್ತತಿ?"

ಅವಳ ಬೆರಳು ನಗುಮುಖದ ಹತ್ತಿರ ಹೋಯಿತು, ಅಭ್ಯಾಸಬಲದಿಂದ ಇರಬೇಕು. ಅಲ್ಲಿಂದ ಹಿಂದೆ ಬಂತು. ಸಾಲಿನ ಮೊದಲಿನ ಅಳುಮುಖದ ಮೇಲೆ ನಿಂತಿತು.

"ಯಾಕ?" ಅಂದೆ.

"ನೀವು ಮ್ಯಾಲ ಹತ್ತೂಕ ಶುರು ಮಾಡಿದಾಗಿಂದ," ಅಂದಳು, "ಇವತ್ತಿಂದಲ್ಲ, ಅವಾಗಿಂದ. ರಸ್ತ್ಯಾಗ ಆಂಬುಲೆನ್ಸ್ ಹೋದ್ರ ನಾ ಅದು ಯಾವ ಕಡಿಗೆ ಹೋತು ಅಂತ ಓಡಿ ನೋಡ್ತೀನಿ. ನಿಮ್ಮ ಯಾರ್ಡಿನ ಕಡಿಗೆ ಹೋದ್ರ ನೀವು ಮನಿಗೆ ಬರೂತನ ನೀರು ಇಳಿಯಂಗಿಲ್ಲ. ನಿಮ್ಮ ಎದಿ ಈ ವರ್ಷ ಹೊಡಕೊಂತು. ನಂದು ಹೊಡಕೊಳ್ಳೂದು ನಿಮಗ ಕೇಳಸಾ ಇಲ್ಲ."

ನಾನು ಎದ್ದು ಹೋಗಿ ಒಂದು ಲೋಟ ನೀರು ತಂದು ಅವಳ ಮುಂದಿಟ್ಟೆ.

ಮುಂದಿನ ವಾರ ಕೇಂದ್ರಕ್ಕೆ ಇಬ್ಬರೂ ಹೋದೆವು. ಕವಿತಾ ಸಿಸ್ಟರ್ ಟ್ಯಾಬ್ಲೆಟ್ ಎತ್ತಿಕೊಂಡು ಹಿಂದಿನ ಮೆಟ್ಟಿಲ ಕಡೆ ಹೊರಟಾಗ, ಅಭ್ಯಾಸದಂತೆ ನಾನೂ ಹೆಜ್ಜೆ ಹಾಕಿದೆ. ಹುಲಿಗೆಮ್ಮ, "ನೀವಲ್ಲ. ನಾನು," ಅಂದು ಸೆರಗು ಸುತ್ತಿಕೊಂಡು ಹತ್ತಿದಳು. ನಾನು ಹೊರಗೆ ಬಂದೆ. ಬೆಂಚು ತುಂಬಿತ್ತು. ತುದಿಯಲ್ಲಿ ನಿಂಗಜ್ಜಿ ಮಾತ್ರೆಯ ಚೀಲ ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಯಾರಿಗೋ ಆರಾಮಿಲ್ಲ ಎರ್ರಿ?" ಅಂದಳು, ಎಲ್ಲರಿಗೂ ಕೇಳುವಷ್ಟು ಜೋರಾಗಿ. "ನಿನಗೋ, ಆಕಿಗೋ?"

"ಇಬ್ಬರಿಗೂ, ಅಜ್ಜಿ," ಅಂದೆ. "ಅಂಜಿಕಿ. ಅದಕ್ಕ ತೋರಸಾಕ ಬಂದೀವಿ."

ನಿಂಗಜ್ಜಿ ಚೀಲ ಎತ್ತಿಕೊಂಡು, ಪಕ್ಕದವಳನ್ನು ಮೊಣಕೈಯಿಂದ ತಿವಿದು, ಸ್ವಲ್ಪ ಸರಿದು ನನಗೆ ಕೂರಲು ಜಾಗ ಮಾಡಿದಳು.